ನಾನೇ ಇರಬೇಕು

ತನ್ನ ತಂದೆಯ ವಯಸ್ಸಿನ ಮನುಷ್ಯನಿಗೆ ‘ಚರಂಡಿ ಉಜ್ಜಿ’ ಎಂದು ಹೇಳುವುದು ಹೇಗೆ ಎಂಬುದನ್ನು ಅವಳಿಗೆ ಯಾವ ದೇಶದ ಯಾವ ಕಾಲೇಜೂ ಕಲಿಸಿರಲಿಲ್ಲ. ವೈನ್ ಮಾಡುವುದನ್ನು ಕಲಿಯಲು ಎರಡು ದೇಶ ಸುತ್ತಿ, ಈಗ ಮೂರನೆಯದರಲ್ಲಿ ಒಂದು ವೈನರಿಯ ನೆಲಮಾಳಿಗೆಯನ್ನು ಪೂರ್ತಿಯಾಗಿ ನೋಡಿಕೊಳ್ಳುತ್ತಿದ್ದಳು. ಪ್ರತಿ ದ್ರಾಕ್ಷಿ ಕೊಯ್ಲಿಗೂ ಬೇರೆ ಬೇರೆ ದೇಶಗಳ ಕಾಲೇಜುಗಳಿಂದ ಮೂವರು ಇಂಟರ್ನ್‌ಗಳು ಬರುತ್ತಿದ್ದರು, ಮೀಸೆ ಚಿಗುರುತ್ತಿರುವ ಹುಡುಗರು, ಕಿವಿಗೆ ಹಾಡು ಸಿಕ್ಕಿಸಿಕೊಂಡ ಹುಡುಗಿಯರು. ಅವರಿಗೆ ‘ಏಯ್, ಆ ಪೈಪು ತೊಳಿ’ ಎನ್ನುವುದು ಕಷ್ಟವಿರಲಿಲ್ಲ. ಈ ಸಲ ಬಂದ ಅರ್ಜಿಗಳಲ್ಲಿ ಒಂದರ ಮೇಲೆ ನರೆಗೂದಲಿನ, ದಪ್ಪ ಕನ್ನಡಕದ ಮುಖ ಕಂಡಾಗ ಯಾವುದೋ ಹುಡುಗ ಪೋಷಕರ ಫೋಟೋ ಅಂಟಿಸಿಬಿಟ್ಟಿದ್ದಾನೆ ಎಂದು ನಕ್ಕಿದ್ದಳು. ನಗು ಮುಗಿಯುವ ಮುಂಚೆ ಆ ಮುಖವೇ ಸೂಟ್‌ಕೇಸು ಹಿಡಿದುಕೊಂಡು ಗೇಟಿನಲ್ಲಿ ನಿಂತಿತ್ತು. ಆಯುಷ್ಯವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಒಮ್ಮೆ ಒಂದು ಹೋಟೆಲಿನ ಲಿಫ್ಟು ಸರಿಮಾಡಿದ್ದಕ್ಕೆ ಅಲ್ಲಿಯ ಮ್ಯಾನೇಜರು ಒಂದು ಲೋಟ ವೈನ್ ಕೊಟ್ಟು, ಇದರಲ್ಲಿ ಏನೇನು ವಾಸನೆ ಇದೆ ಹೇಳಿ ನೋಡೋಣ ಎಂದಿದ್ದನಂತೆ. ‘ಆ ಪ್ರಶ್ನೆ ತಲೇಲೇ ಉಳ್ಕೊಂಡ್‌ಬಿಡ್ತು ಮೇಡಂ. ರಿಟೈರ್ ಆದ್ಮೇಲೆ ನಮ್ಮ ಮನೆಯವಳು, ಮನೇಲಿ ಕೂತು ನನ್ನ ತಲೆ ತಿನ್ನೋ ಬದಲು ಅದನ್ನೇ ಓದ್ಕೊಳ್ಳಿ ಅಂದ್ಲು.’ ಡಿಪ್ಲೊಮಾ ಕೈಗೆ ಬರಬೇಕಾದರೆ ಪರದೇಶದ ವೈನರಿಯಲ್ಲಿ ಒಂದು ಕೊಯ್ಲು ಕೆಲಸ ಮಾಡಿ, ಅಲ್ಲಿಯ ಮುಖ್ಯಸ್ಥರಿಂದ ‘ಈ ಕೆಲಸಕ್ಕೆ ತಕ್ಕವರು’ ಎಂದು ಬರೆಸಿಕೊಂಡು ಹೋಗಬೇಕಿತ್ತು. ಬರೆದುಕೊಡಬೇಕಾದವಳು ಅವಳು. ಚಿಕ್ಕವರಿಬ್ಬರೂ ಅವರನ್ನು ಮೊದಲ ದಿನವೇ ‘ಲಿಫ್ಟ್ ತಾತ’ ಮಾಡಿ ಮುಗಿಸಿದ್ದರು. ಅವಳು ಮಾತ್ರ ವಾಕ್ಯಗಳನ್ನು ತಿರುಚಿ ತಿರುಚಿ, ‘ಆ ಬಕೆಟ್ಟು ಆ ಕಡೆ ಹೋದರೆ ಚೆನ್ನಾಗಿರುತ್ತಿತ್ತು’ ಎಂದು, ಬಕೆಟ್ಟು ತಾನಾಗಿ ಎದ್ದು ಹೋಗುತ್ತದೋ ಎಂಬಂತೆ ಹೇಳುತ್ತಿದ್ದಳು. ‘ಬಕೆಟ್ಟಿಗೆ ಹೇಳ್ತೀನಿ ಮೇಡಂ’ ಎಂದು ಅವರು ಗಂಭೀರವಾಗಿ ಎತ್ತಿಕೊಂಡು ಹೋಗುತ್ತಿದ್ದರು.

ಈಗ ಊಟದ ಹೊತ್ತು ಮೀರಿತ್ತು. ನೆಲಮಾಳಿಗೆಯ ನೆಲವೆಲ್ಲ ಕೆಂಪಾಗಿತ್ತು. ಆ ಕೆಂಪಿನ ನಡುವೆ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದ ಅವಳ ಬಲಗೈಗೆ ವಾಲ್ವಿನ ಹಿಡಿಯ ತಂಪು ಇನ್ನೂ ಅಂಟಿಕೊಂಡಿತ್ತು. ನಡೆದದ್ದು ಇಷ್ಟೇ. ಹುದುಗಿ ಮುಗಿದ ಹೊಸ ವೈನನ್ನು ದೊಡ್ಡ ಟ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಬೇಕಿತ್ತು. ಪೈಪು ತೊಳೆದು ಟ್ಯಾಂಕಿಗೆ ಜೋಡಿಸಿಡಿ, ವಾಲ್ವು ಮಾತ್ರ ಮುಟ್ಟಬೇಡಿ ಎಂದು ಬೆಳಿಗ್ಗೆ ತಾತನಿಗೆ ಹೇಳಿದ್ದಳು. ಅವರು ಜೋಡಿಸಿಟ್ಟು ಹೋಗಿದ್ದರು. ಮಧ್ಯಾಹ್ನ ಬಣ್ಣ ಹೇಗೆ ಬಂದಿದೆ ನೋಡೋಣವೆಂದು ಅವಳು ಪೈಪಿನ ತುದಿಯನ್ನು ನೀಲಿ ಬಕೆಟ್ಟಿಗೆ ಬಿಟ್ಟು ವಾಲ್ವನ್ನು ಸ್ವಲ್ಪವೇ ತಿರುಗಿಸಿದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು. ಊರಿನಿಂದ ಅಮ್ಮ. ಕೆಳಗೆ ಮಾತು ಕೇಳುವುದಿಲ್ಲವೆಂದು ಮೆಟ್ಟಿಲು ಹತ್ತಿ ಅಂಗಳಕ್ಕೆ ಹೋದಳು. ಅಮ್ಮ ದಿನವೂ ಕೇಳುವ ಹಾಗೆ ಕೇಳಿದಳು: ‘ಆ ಹಿರಿಯರ ಊಟ ಆಯ್ತಾ? ನೀನು ಅವರನ್ನ ತುಂಬಾ ಗೋಳು ಹುಯ್ಕೋಬೇಡ, ಪಾಪ, ಹೆಂಡತಿ ಮಕ್ಕಳನ್ನ ಬಿಟ್ಟು ಬಂದಿರೋರು.’ ನೋಡದ ಮನುಷ್ಯನ ಮೇಲೆ ಅಮ್ಮನಿಗೆ ಎಷ್ಟು ಕರುಣೆ ಎಂದು ಅವಳು ನಕ್ಕು, ಅದೇ ಹೊತ್ತಿಗೆ ದ್ರಾಕ್ಷಿ ಲಾರಿ ಬಂದದ್ದರಿಂದ ಫೋನಿಟ್ಟು, ಗೊಂಚಲು ಎತ್ತಿ ನೋಡಿ, ಕೊಳೆತದ್ದನ್ನು ಬಿಸುಟು, ಡ್ರೈವರನ ಜೊತೆ ಜಗಳವಾಡಿ, ಕೊನೆಗೆ ರುಜು ಹಾಕಿದಳು. ಕೆಳಗಿನಿಂದ ಗುಬ್ಬಿ ಕಿರುಚಿದಾಗ ಇವಳಿಗೆ ಏನು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಗುಬ್ಬಿ ಎಂದರೆ ಇಂಟರ್ನ್ ಹುಡುಗಿ, ಅಂಗೈಯಗಲದ ಮುಖ, ಮೂರೂ ಹೊತ್ತು ಚಿಲಿಪಿಲಿ. ಗುಬ್ಬಿ ಕಿರುಚಿದ ಕ್ಷಣಕ್ಕೆ ಇವಳ ಕೈ, ಬುದ್ಧಿಗಿಂತ ಮೊದಲು, ಗಾಳಿಯಲ್ಲಿ ಒಂದು ಹಿಡಿಯನ್ನು ತಿರುಗಿಸಿತು.

ಬಕೆಟ್ಟು ತುಂಬಿ, ಉರುಳಿ, ಪೈಪಿನ ತುದಿ ಚರಂಡಿಯ ಜಾಲರಿಯ ಮೇಲೆ ಹೋಗಿ ಬಿದ್ದು, ಟ್ಯಾಂಕಿನ ಅರ್ಧದಷ್ಟು ವೈನು ಸದ್ದಿಲ್ಲದೆ ಇಳಿದುಹೋಗಿತ್ತು. ಯಜಮಾನರು ಬಂದರು. ದೊಡ್ಡ ದೇಹ, ಸಣ್ಣ ದನಿ. ಸಿಟ್ಟು ಬಂದಾಗ ದನಿ ಇನ್ನೂ ಸಣ್ಣದಾಗುತ್ತಿತ್ತು. ಈ ಕೊಯ್ಲು ಮುಗಿದ ಮೇಲೆ ವೈನರಿಯ ಮುಖ್ಯ ತಯಾರಕಿಯ ಪಟ್ಟ ಅವಳಿಗೇ ಎಂದು ಹೋದ ತಿಂಗಳಷ್ಟೇ ಎಲ್ಲರ ಮುಂದೆ ಹೇಳಿದ್ದವರು. ‘ಯಾರ ಕೆಲಸ ಇದು?’ ಎಂದರು. ಕೇಳುವ ಮೊದಲೇ ಅವರ ಕಣ್ಣು ತಾತನ ಕಡೆ ಹೋಗಿತ್ತು, ಅದನ್ನು ಅವಳು ನೋಡಿದಳು. ಅವಳ ಬಾಯಿ ತೆರೆದೇ ಇತ್ತು. ಅದನ್ನು ಅವಳು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡಳು, ಬಾಯಿ ತೆರೆದಿತ್ತು, ಹೇಳುವವಳೇ ಇದ್ದೆ ಎಂದು. ಅಷ್ಟರಲ್ಲಿ ತಾತ ಮುಂದೆ ಬಂದು, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸುತ್ತ, ‘ನಾನೇ ಇರಬೇಕು ಸಾರ್’ ಎಂದರು. ‘ಬೆಳಿಗ್ಗೆ ಪೈಪು ಹಾಕಿದ್ದು ನಾನು. ಹಿಡಿ ಮುಟ್ಟಿದ್ದು ನೆನಪಿದೆ. ತಿರುಗಿಸಿದ್ದು ನೆನಪಿಲ್ಲ.’ ಅವಳ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಇಲ್ಲಿ ಕದಿಯದವರು ಹೆಗಲು ಮುಟ್ಟಿಕೊಂಡಿದ್ದರು, ಕದ್ದವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಯಜಮಾನರು ಅವರ ಭುಜ ತಟ್ಟಿ, ಮಗುವಿಗೆ ಹೇಳುವ ಹಾಗೆ, ‘ಹೋಗಲಿ ಬಿಡಿ, ವಯಸ್ಸಾಯ್ತಲ್ಲ. ರೂಮಿಗೆ ಹೋಗಿ ಮಲಕ್ಕೊಳ್ಳಿ’ ಎಂದರು. ಬೈದಿದ್ದರೆ ತಾತ ತಡೆದುಕೊಳ್ಳುತ್ತಿದ್ದರೋ ಏನೋ. ಆ ಭುಜ ತಟ್ಟಿದ್ದಕ್ಕೆ ಅವರ ಮುಖ ಒಂದು ಕ್ಷಣ ಚಿಕ್ಕದಾದದ್ದು ಅವಳಿಗೆ ಕಂಡಿತು. ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಯಜಮಾನರು ಅವಳ ಕಡೆ ತಿರುಗಿ, ‘ಸರ್ಟಿಫಿಕೇಟು ಬರೆಯೋ ಮುಂಚೆ ಯೋಚನೆ ಮಾಡಿ. ಮುಂದಿನ ವರ್ಷದಿಂದ ವಯಸ್ಸಾದವರನ್ನ ಕಳಿಸಬೇಡಿ ಅಂತ ಆ ಕಾಲೇಜಿಗೆ ನಾನೇ ಬರೀತೀನಿ’ ಎಂದರು. ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನವೆಲ್ಲ ಅವಳು ಕೆಲಸ ಮಾಡಿದಳು. ನೆಲ ತೊಳೆಸಿದಳು, ತಾನೂ ತೊಳೆದಳು. ಎಷ್ಟು ನೀರು ಹೊಡೆದರೂ ಸಂದಿಗಳಿಂದ ನಸುಗೆಂಪು ಬರುತ್ತಲೇ ಇತ್ತು. ವಿಚಿತ್ರವೆಂದರೆ ಅವಳಿಗೆ ತಾತನ ಮೇಲೆ ಸಿಟ್ಟು ಬಂದಿತ್ತು. ಯಾರು ಕೇಳಿದ್ದರು ಇವರನ್ನು? ದೊಡ್ಡತನ ತೋರಿಸುವುದಕ್ಕೆ ಬೇರೆ ಜಾಗ ಸಿಗಲಿಲ್ಲವೇ? ನನ್ನ ಬಾಯಿಂದ ಮಾತು ಬರುವಷ್ಟು ವ್ಯವಧಾನ ಕೊಡಬಾರದಿತ್ತೇ? ಉಪಕಾರ ಮಾಡಿದವರ ಮೇಲೆ ಇಷ್ಟು ಬೇಗ ದ್ವೇಷ ಹುಟ್ಟಬಲ್ಲದು ಎಂದು ತಿಳಿದು ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆಯಾದದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು. ಅವಳ ಮೊದಲ ಇಂಟರ್ನ್‌ಶಿಪ್ಪಿನಲ್ಲಿ, ಭಾಷೆ ಬರದ ದೇಶದಲ್ಲಿ, ಮೇಲ್ವಿಚಾರಕ ಇಡೀ ಕೊಯ್ಲು ಮುಗಿದರೂ ಅವಳ ಹೆಸರು ಕಲಿಯಲಿಲ್ಲ. ಅವಳ ಕೈಯಲ್ಲಿ ಸದಾ ಪೊರಕೆ ಇರುತ್ತಿದ್ದರಿಂದ ಅವನ ಬಾಯಲ್ಲಿ ಅವಳು ‘ಏಯ್ ಪೊರಕೆ’. ಟ್ಯಾಂಕಿನೊಳಗೆ ಇಳಿದು ದ್ರಾಕ್ಷಿ ಸಿಪ್ಪೆ ಬಾಚಿ ಹೊರಗೆ ತಳ್ಳುವ ಕೆಲಸ. ಒಂದು ದಿನ ಒಳಗೇ ಕೂತು ಅತ್ತಿದ್ದಳು. ಸ್ಟೀಲಿನ ಟ್ಯಾಂಕಿನೊಳಗೆ ಅಳಬಾರದು, ಒಂದು ಬಿಕ್ಕು ಹತ್ತಾಗಿ ಗಂಟೆ ಹೊಡೆದ ಹಾಗೆ ಹೊರಗೆ ಕೇಳುತ್ತದೆ. ಹೊರಗೆ ನಿಂತವರು ನಕ್ಕಿದ್ದರು. ನಾನು ದೊಡ್ಡ ಹುದ್ದೆಗೆ ಬಂದ ದಿನ ನನ್ನ ಕೈಕೆಳಗೆ ಕಲಿಯುವವರು ಯಾರೂ ಹೀಗೆ ಅಳಬಾರದು ಎಂದು ಆವತ್ತು ಸಿಪ್ಪೆಯ ರಾಶಿಯ ಮೇಲೆ ಕೂತು ಅಂದುಕೊಂಡಿದ್ದಳು. ಆ ಮೇಲ್ವಿಚಾರಕನಾದರೂ ತನ್ನ ತಪ್ಪನ್ನು ಅವಳ ತಲೆಗೆ ಕಟ್ಟಿರಲಿಲ್ಲ. ಒರಟ, ಅಷ್ಟೇ. ಕಳ್ಳನಾಗಿರಲಿಲ್ಲ. ‘ಮೇಡಂ’ ಎಂದಳು ಗುಬ್ಬಿ, ಪೊರಕೆಯ ಮೇಲೆ ಗಲ್ಲ ಊರಿಕೊಂಡು. ‘ತಾತ ಅಂಥವರಲ್ಲ ಮೇಡಂ. ಬಚ್ಚಲು ನಲ್ಲಿ ನಿಲ್ಸಿದ್ಮೇಲೂ ವಾಪಸ್ ಹೋಗಿ ಇನ್ನೊಂದ್ಸಲ ಮುಟ್ಟಿ ಬರ್ತಾರೆ. ಲಿಫ್ಟಿನ ಬೋಲ್ಟು ಒಂದೇ ಸಲ ನೋಡಿದ್ರೆ ಅದು ನೋಡಿದ್ದಲ್ಲ ಅಂತಾರೆ. ಊಟಕ್ಕೂ ಬರ್ಲಿಲ್ಲ. ಬಾಗಿಲು ತಟ್ಟಿದೆ, ಹಸಿವಿಲ್ಲ ಕಣಮ್ಮ ಅಂದ್ರು.’ ಅವಳು ನೀರಿನ ಪೈಪನ್ನು ಇನ್ನೊಂದು ಸಂದಿಗೆ ತಿರುಗಿಸಿದಳು. ಆ ‘ಇರಬೇಕು’ ಎಂಬ ಮಾತು ಆಗ ಮೊದಲ ಸಲ ಅವಳನ್ನು ಚುಚ್ಚಿತು. ತ್ಯಾಗ ಮಾಡುವವರು ‘ನಾನೇ’ ಎನ್ನುತ್ತಾರೆ. ‘ನಾನೇ ಇರಬೇಕು’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಯಾಕೆ ಹೇಳುತ್ತಾರೆ?

ಬಿಸಿಲು ಇಳಿಯುವ ಹೊತ್ತಿಗೆ ಅವಳು ಅಂಗಳ ದಾಟಿದಳು. ಇಂಟರ್ನ್‌ಗಳ ಕೋಣೆಗಳು ಟ್ರಾಕ್ಟರ್ ನಿಲ್ಲಿಸುವ ಷೆಡ್ಡಿನ ಮೇಲೆ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಅರ್ಧ ಹತ್ತುವಾಗಲೇ ತೆರೆದ ಬಾಗಿಲಿನಿಂದ ಫೋನಿನ ಸ್ಪೀಕರಿನಲ್ಲಿ ಒಂದು ಹೆಂಗಸಿನ ದನಿ ಕೇಳಿತು, ದೂರದ್ದು, ಜೋರಿನದು, ಪರೀಕ್ಷೆ ತೆಗೆದುಕೊಳ್ಳುವ ಟೀಚರಿನದು. ‘ನಾವು ಮೊದಲಿದ್ದ ಮನೆ ಮೆಟ್ಟಿಲು ಯಾವ ಬಣ್ಣ?’

‘ಬಣ್ಣ ಎಲ್ಲಿತ್ತು? ಬರೀ ಸಿಮೆಂಟು.’

‘ನನ್ನ ಅಕ್ಕನ ಎರಡನೇ ಮಗನ್ನ ಮನೇಲಿ ಏನಂತ ಕರೀತಾರೆ?’

‘ಗುಂಡು.’

‘ನಾನು ಮುನಿಸ್ಕೊಂಡು ತವರಿಗೆ ಹೋಗಿ ಕೂತಿದ್ದು ಯಾವುದಕ್ಕೆ?’

‘ಯಾವ ಸಲದ್ದು?’

‘ನೋಡಿ, ನೋಡಿ! ಇಷ್ಟು ಚೆನ್ನಾಗಿ ನೆನಪಿದೆ. ಮತ್ತೆ ಯಾವ ರೋಗ ನಿಮಗೆ?’

‘ಅಣ್ಣನಿಗೂ ಹಳೇದೆಲ್ಲ ನೆನಪಿತ್ತು ಕಣೇ’ ಎಂದರು ತಾತ. ಅದು ಅವಳು ದಿನವೂ ಕೇಳುತ್ತಿದ್ದ ದನಿಯಾಗಿರಲಿಲ್ಲ. ‘ಬೆಳಿಗ್ಗೆ ಮಾಡಿದ್ದು ಇರ್ತಿರಲಿಲ್ಲ. ಅವನಿಗೂ ಹೀಗೇ ಶುರುವಾಗಿದ್ದು. ಮೊದಲು ಗ್ಯಾಸ್ ಆರಿಸೋದು ಮರೆತ. ಆಮೇಲೆ ಮನೆ ದಾರಿ. ಆಮೇಲೆ ಹೆತ್ತ ಮಗನ್ನೇ, ನೀವು ಯಾರ ಕಡೆಯೋರು ಅಂತ ಕೇಳಿದ. ಅವನು ಆ ಮಾತು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಬೇಡ, ನಾನು ಬಂದ್ಬಿಡ್ತೀನಿ. ಒಂದು ಹಿಡಿ ತಿರುಗಿಸಿದ್ದು ನೆನಪಿರದ ಕೈಲಿ ಜನರು ಕುಡಿಯೋ ಪದಾರ್ಥ ಇರಬಾರದು. ಸೂಟ್‌ಕೇಸು ಕಟ್ತಾ ಇದ್ದೀನಿ.’

ಕಬ್ಬಿಣದ ಮೆಟ್ಟಿಲಿನ ಮೇಲೆ ಅವಳು ಒಂದು ಕೈ ಕಂಬಿಗೆ ಕೊಟ್ಟು ನಿಂತುಬಿಟ್ಟಳು. ದೊಡ್ಡತನವಲ್ಲ, ಉಪಕಾರವಲ್ಲ, ತ್ಯಾಗವೂ ಅಲ್ಲ. ಆ ಮನುಷ್ಯ ನಂಬಿದ್ದರು. ಮಧ್ಯಾಹ್ನದಿಂದ ಅವಳು ಯಾರ ಹಂಗಿನಲ್ಲಿ ಕುದಿಯುತ್ತಿದ್ದಳೋ ಅವರು ಅವಳ ಬಗ್ಗೆ ಯೋಚಿಸಿರಲೇ ಇಲ್ಲ. ಒಂದು ಕೋಣೆಯಲ್ಲಿ ಕೂತು ತಮ್ಮ ತಲೆ ತಮ್ಮ ಕೈಬಿಟ್ಟುಹೋಗುತ್ತಿದೆ ಎಂದು ಕಣ್ಣಾರೆ ನೋಡುತ್ತಿದ್ದರು. ಅವಳ ಮೌನ ಕದ್ದದ್ದು ಅವರ ಸರ್ಟಿಫಿಕೇಟನ್ನಲ್ಲ. ಉಳಿದ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ, ಬಾಗಿಲಿನಲ್ಲಿ ನಿಂತು ಒಂದೇ ಉಸಿರಿಗೆ, ‘ವಾಲ್ವು ತೆಗೆದಿದ್ದು ನಾನು’ ಎಂದಳು. ಹಾಸಿಗೆಯ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಮಡಿಸಿದ ಅಂಗಿಗಳ ಮೇಲೆ, ಕಾಗದದಲ್ಲಿ ಸುತ್ತಿದ ವೈನ್ ರುಚಿ ನೋಡುವ ಲೋಟ. ತಾತ ಅವಳನ್ನು ನೋಡಿ ಎದ್ದು ನಿಂತು, ಕಣ್ಣೊರೆಸಿಕೊಂಡು, ಕನಿಕರದಿಂದ ನಕ್ಕರು. ‘ನೀವು ಒಳ್ಳೇವರು ಮೇಡಂ. ಸಮಾಧಾನಕ್ಕೆ ಹೇಳ್ತಿದ್ದೀರಿ.’

‘ಸಮಾಧಾನಕ್ಕಲ್ಲ. ನಿಜವಾಗ್ಲೂ ನಾನೇ.’

‘ಬೇಡ ಮೇಡಂ. ಅಣ್ಣನಿಗೂ ನಾವು ಹೀಗೇ ಹೇಳ್ತಿದ್ವಿ. ನೀನಲ್ಲ, ನಾನು ಮರೆತಿದ್ದು ಅಂತ. ಅದು ರೋಗಿಗಳಿಗೆ ಹೇಳೋ ಮಾತು.’

ತಪ್ಪೊಪ್ಪಿಕೊಳ್ಳುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಂಡ ತಪ್ಪನ್ನು ನಂಬಿಸುವುದಕ್ಕೆ ವಕೀಲಳ ಹಾಗೆ ವಾದಿಸಬೇಕಾದೀತು ಎಂದು ಗೊತ್ತಿರಲಿಲ್ಲ. ‘ಪೈಪಿನ ತುದಿಗೆ ನೀವು ಏನಿಟ್ಟಿದ್ರಿ?’ ಎಂದಳು. ಏನೂ ಇಲ್ಲ, ಕೊಕ್ಕೆಗೆ ನೇತುಹಾಕಿದ್ದೆ ಎಂದರು. ‘ಮತ್ತೆ ಆ ನೀಲಿ ಬಕೆಟ್ಟು ಎಲ್ಲಿಂದ ಬಂತು? ಅದನ್ನಿಟ್ಟಿದ್ದು ನಾನು. ಬಣ್ಣ ನೋಡೋಕೆ. ನೀವು ಬೆಳಿಗ್ಗೆಯೇ ವಾಲ್ವು ತೆಗೆದಿಟ್ಟಿದ್ರೆ ಊಟದ ಹೊತ್ತಿಗೆ ಟ್ಯಾಂಕಲ್ಲಿ ಒಂದು ಹನಿ ಉಳೀತಿರಲಿಲ್ಲ. ಲೆಕ್ಕ ಹಾಕಿ ನೀವೇ!’ ದನಿ ಏರಿತ್ತು, ಅವಳು ಅವರನ್ನು ಬೈಯುತ್ತಿದ್ದ ಹಾಗಿತ್ತು. ‘ನಮ್ಮಮ್ಮನ ಫೋನ್ ಬಂತು, ಮೇಲೆ ಹೋದೆ, ಮರೆತೆ. ನೋಡಿ, ಇಲ್ನೋಡಿ, ಅಮ್ಮನ ಕರೆ.’ ತಾತ ಅವಳ ಫೋನನ್ನು ಕೈಗೆ ತೆಗೆದುಕೊಂಡು, ಕೆಟ್ಟ ಯಂತ್ರದ ಒಳಗನ್ನು ನೋಡುವ ಹಾಗೆ ಕನ್ನಡಕ ಏರಿಸಿ ನೋಡಿದರು. ತುಟಿ ಅಲುಗಾಡಿತು. ಬಕೆಟ್ಟು, ಕೊಕ್ಕೆ, ಪೈಪು ಎಂದು ಒಂದೊಂದನ್ನೇ ತಮ್ಮೊಳಗೆ ಬಿಚ್ಚಿ ಜೋಡಿಸುತ್ತಿದ್ದರು. ‘ಕೊಕ್ಕೆಗೆ ಹಾಕಿದ್ದೆ’ ಎಂದರು ಮೆಲ್ಲಗೆ. ‘ಹಾಕಿ, ಬಿಗಿಯಾಗಿದೆಯಾ ಅಂತ ಹಿಡಿ ಮುಟ್ಟಿ ನೋಡಿದೆ. ತಿರುಗಿಸಿದ್ದು ನೆನಪಿಲ್ಲ ಯಾಕಂದ್ರೆ…’ ಅವರು ಧೊಪ್ಪನೆ ಹಾಸಿಗೆಯ ಮೇಲೆ ಕೂತರು. ಸೂಟ್‌ಕೇಸು ಕುಣಿಯಿತು. ‘ತಿರುಗಿಸೇ ಇಲ್ಲ! ಲೇ, ಕೇಳಿಸ್ತೇನೇ? ನಾನಲ್ಲವಂತೆ! ಮೇಡಂ ಮಾಡಿದ್ದಂತೆ! ಮೇಡಂಗೆ ಮರೆತುಹೋಯ್ತಂತೆ!’ ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರು ಕಂಡ ಹುಡುಗನ ಮುಖ ಅದು. ಅದರಲ್ಲಿ ಅವಳ ಮೇಲಿನ ಆಪಾದನೆಯ ಲವಲೇಶವೂ ಇರಲಿಲ್ಲ. ಅವಳ ಮರೆವನ್ನು ಅವರು ಉಡುಗೊರೆಯಂತೆ ಸ್ವೀಕರಿಸಿದ್ದರು.

ಆದರೆ ಫೋನಿನ ಆಚೆಗಿದ್ದವರು ಅಷ್ಟು ಸುಲಭದ ಆಸಾಮಿಯಾಗಿರಲಿಲ್ಲ. ‘ಫೋನು ಅವಳ ಕೈಗೆ ಕೊಡಿ’ ಎಂದಿತು ದನಿ. ತಾತ ಹೆದರಿ ಕೊಟ್ಟರು. ‘ಯಾರಮ್ಮಾ ನೀನು? ಎಷ್ಟು ಓದಿದ್ದೀಯ? ನಮ್ಮವರು ಅನ್ನ ನೀರು ಬಿಟ್ಟು ಅಳ್ತಾ ಕೂತಿದ್ದಾರೆ, ನನ್ನ ಜೀವ ಇಲ್ಲಿ ಬಾಯಿಗೆ ಬಂದಿದೆ, ನೀನು ಮಧ್ಯಾಹ್ನದಿಂದ ಬಾಯಿ ಹೊಲ್ಕೊಂಡು ಕೂತಿದ್ಯಾ? ನಿನ್ನ ಕೈ ತಪ್ಪಿದ್ದಕ್ಕೆ ನಾನು ಏನೂ ಅನ್ನಲ್ಲ, ಎಲ್ಲರ ಕೈಯೂ ತಪ್ಪುತ್ತೆ. ಬಾಯಿ ಯಾಕೆ ತಪ್ಪಿತು? ಅದನ್ನ ಹೇಳು!’

‘ಹೆದರಿಕೆಯಾಯ್ತು’ ಎಂದಳು ಅವಳು.

‘ಅವರಿಗೆ ಹೆದರಿಕೆಯಾಗಲಿಲ್ವಾ? ನಿನಗೆ ಅಪ್ಪ ಅಮ್ಮ ಇಲ್ವಾ?’

‘ಅಮ್ಮ ಇದ್ದಾಳೆ.’ ಅಷ್ಟು ಹೇಳುವಷ್ಟರಲ್ಲಿ ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದಳು, ಬೂಟು ಹಾಕಿಕೊಂಡೇ, ಕೆಂಪು ಕಲೆಯ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು. ‘ಅಳಬೇಡ’ ಎಂದಿತು ದನಿ, ಅಸಮಾಧಾನದಿಂದ. ‘ನೀನು ಅತ್ರೆ ನಾನು ಬೈಯೋದು ಹೇಗೆ? ಊಟ ಮಾಡಿದ್ಯಾ?’

‘ಇಲ್ಲ.’

‘ಇವರೂ ಮಾಡಿಲ್ಲ, ನೀನೂ ಮಾಡಿಲ್ಲ. ಚೆನ್ನಾಗಿದೆ ನಿಮ್ಮ ವಿದ್ಯಾಭ್ಯಾಸ. ಮೊದಲು ಇಬ್ಬರೂ ಏನಾದರೂ ತಿನ್ನಿ. ಮಿಕ್ಕಿದ್ದು ಆಮೇಲೆ ಬೈತೀನಿ.’

ಗುಬ್ಬಿ ಮುಚ್ಚಿಟ್ಟು ಹೋಗಿದ್ದ ತಟ್ಟೆಯಲ್ಲಿ ಬ್ರೆಡ್ಡು ಒಣಗಿತ್ತು. ಇಬ್ಬರೂ ಹಾಸಿಗೆಯ ಆಚೆ ಈಚೆ, ನಡುವೆ ಸೂಟ್‌ಕೇಸು ಇಟ್ಟುಕೊಂಡು, ಅದನ್ನೇ ಮುರಿದು ತಿಂದರು. ತಿನ್ನುತ್ತ ತಿನ್ನುತ್ತ ತಾತ, ‘ಯಜಮಾನರಿಗೆ ಹೇಳಲೇಬೇಕಾ ಮೇಡಂ? ನಂಗೆ ಗೊತ್ತಾಯ್ತಲ್ಲ, ಸಾಕು. ನಿಮ್ಮ ಬಡ್ತಿ ವಿಷಯ ಗುಬ್ಬಿ ಹೇಳ್ತಿದ್ಲು’ ಎಂದರು. ಈಗ, ಎಲ್ಲ ಗೊತ್ತಿದ್ದು, ಅವರು ನಿಜವಾಗಿ ಹೆಗಲು ಕೊಡಲು ಬಂದಿದ್ದರು. ಒಂದು ಕ್ಷಣ, ಒಂದೇ ಕ್ಷಣ, ಅವಳ ಮನಸ್ಸು ಆ ಕಡೆ ವಾಲಿತು. ಅದು ವಾಲಿದ್ದನ್ನು ಅವಳು ನೋಡಿದಳು, ನಾಚಿಕೆಯಿಂದಲ್ಲ, ಪರಿಚಯದವರನ್ನು ಬೀದಿಯಲ್ಲಿ ಕಂಡ ಹಾಗೆ. ‘ಹೇಳಬೇಕು’ ಎಂದು ಕೈ ಕೊಡವಿಕೊಂಡು ಎದ್ದಳು.

ಯಜಮಾನರು ಮನೆಯಲ್ಲಿ, ಮೇಜಿನ ಮೇಲೆ ಕನ್ನಡಕ ಬಿಚ್ಚಿಟ್ಟು, ಎರಡೂ ಕೈಯಿಂದ ಮುಖ ಉಜ್ಜಿಕೊಳ್ಳುತ್ತ ಕೂತಿದ್ದರು. ಅವಳು ನಿಂತುಕೊಂಡೇ ಹೇಳಿದಳು. ಅವರು ಕೇಳಿ, ಕನ್ನಡಕ ಮತ್ತೆ ಹಾಕಿಕೊಂಡು, ‘ಕೇಳೋಕೆ ಮುಂಚೆನೇ ನಾನು ಅವರ ಮುಖ ನೋಡಿದೆ, ಅಲ್ವಾ?’ ಎಂದರು. ‘ಕಾಲೇಜಿಗೆ ಬರೆಯೋದು ಬಿಟ್ಟೆ. ನಾಳೆ ಅವರ ಹತ್ತಿರ ನಾನೇ ಮಾತಾಡ್ತೀನಿ’ ಎಂದರು. ಆಮೇಲೆ ದನಿ ಸಣ್ಣದಾಯಿತು. ‘ವೈನು ಹೋಗಿದ್ದಕ್ಕಲ್ಲ. ಮಧ್ಯಾಹ್ನ ಕೇಳಿದ್ದಕ್ಕೆ ಸಂಜೆ ಉತ್ತರ ಬಂತಲ್ಲ, ಅದಕ್ಕೆ. ಆ ಹುದ್ದೆ ವಿಷಯ ಮುಂದಿನ ಕೊಯ್ಲಿನವರೆಗೆ ಹಾಗೇ ಇರಲಿ. ನೋಡೋಣ.’ ಸರಿ ಎಂದಳು. ಸತ್ಯ ಹೇಳಿದರೆ ಎದೆ ಹಗುರವಾಗುತ್ತದೆ ಎಂದು ಕೇಳಿದ್ದಳು. ಅಂಗಳ ದಾಟುವಾಗ ಹಗುರವೇನೂ ಆಗಿರಲಿಲ್ಲ, ನೋವಾಗುತ್ತಿತ್ತು. ಊರಿಗೆ ಫೋನು ಮಾಡಿ ಹುದ್ದೆಯ ಸುದ್ದಿ ಹೇಳಿದ ದಿನ ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿಬಂದಿದ್ದಳು. ಇನ್ನು ಅಮ್ಮ ಆ ಮನೆಗಳಿಗೆಲ್ಲ ಮತ್ತೆ ಹೋಗಬೇಕು. ಆದರೆ ಆ ನೋವು ಮಧ್ಯಾಹ್ನದ ಆ ಹೇಸಿಗೆಯ ಹಾಗೆ ಲೋಳೆಲೋಳೆಯಾಗಿರಲಿಲ್ಲ, ಬಿದ್ದು ಮೊಣಕಾಲು ತರಚಿದ ಹಾಗೆ ಚೊಕ್ಕವಾಗಿತ್ತು, ಇಂಥ ಕಡೆ ಎಂದು ಬೆರಳಿಟ್ಟು ತೋರಿಸುವಂತಿತ್ತು.

ನೆಲಮಾಳಿಗೆಯಲ್ಲಿ ದೀಪ ಉರಿಯುತ್ತಿತ್ತು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ವೈನನ್ನು ಹಾಗೇ ಬಿಟ್ಟರೆ ಒಳಗಿನ ಗಾಳಿಗೆ ಹುಳಿಯಾಗುತ್ತದೆ. ಅದನ್ನು ಸಣ್ಣ ಟ್ಯಾಂಕಿಗೆ ಸಾಗಿಸಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವ ಸ್ಥಿತಿಯಲ್ಲಿರಲಿಲ್ಲ. ತಾತ ಬೂಟು ಹಾಕಿಕೊಂಡು ಆಗಲೇ ಸಣ್ಣ ಟ್ಯಾಂಕನ್ನು ತೊಳೆದು ಸಿದ್ಧಮಾಡಿದ್ದರು. ಗುಬ್ಬಿ ಏಣಿಯ ಮೇಲೆ ಕೂತು, ‘ತಾತ, ತಾತ, ಅಜ್ಜಿ ನಿಜವಾಗ್ಲೂ ಮೇಡಂಗೆ ಬೈದ್ರಾ?’ ಎಂದು ಕೇಳುತ್ತಿದ್ದವಳು ಇವಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ತಾತ ತಿರುಗಿ ನೋಡಿ, ಯಾವ ಮುಲಾಜೂ ಇಲ್ಲದೆ, ‘ಮೇಡಂ, ಆ ಕಡೆ ಪೈಪು ಹಿಡ್ಕೊಳ್ಳಿ. ಬಿಗಿಯಾಗಿ. ಈಗ ಬಿಡ್ತೀನಿ’ ಎಂದರು.

ಅವಳು ಮಂಡಿಯೂರಿ ಎರಡೂ ಕೈಯಿಂದ ಪೈಪನ್ನು ಹಿಡಿದಳು. ಮೊದಲು ಅದು ಸತ್ತ ಹಾಗೆ ತಣ್ಣಗಿತ್ತು. ಆಮೇಲೆ ದೂರದಲ್ಲಿ ಪಂಪು ಕೆಮ್ಮಿತು, ರಬ್ಬರು ಒಮ್ಮೆ ಬೆಚ್ಚಿತು, ಉಳಿದ ವೈನು ಅವಳ ಅಂಗೈಗಳ ಕೆಳಗೆ ಉಗುರುಬೆಚ್ಚಗೆ, ತೊದಲುತ್ತ ತೊದಲುತ್ತ, ಆಮೇಲೆ ಒಂದೇ ಸಮನೆ ಹರಿಯತೊಡಗಿತು.

‘ಬಂತಾ?’ ಎಂದು ತಾತ ಆ ತುದಿಯಿಂದ ಕೂಗಿದರು.

‘ಬಂತು’ ಎಂದಳು.